ಹೊಟ್ಟೆ ಕೆಟ್ಟವಳಿಗೆ ರಸ್ಕು

ನನ್ನ ಅಣ್ಣನ ಮಗಳಿಗೆ ‘ತೂಕಡಿಕೆ ರಾಣಿ’ ಎಂದು ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಹೆತ್ತ ಅಪ್ಪನೇ. ಅದೂ ಮನೆಯೊಳಗಲ್ಲ, ನಮ್ಮ ಬೇಕರಿಯ ಕೌಂಟರಿನಲ್ಲಿ, ಬ್ರೆಡ್ಡಿಗೆ ಕಾದು ನಿಂತ ಗಿರಾಕಿಗಳ ಎದುರು. ಅವರು ನಕ್ಕರು. ಆಮೇಲೆ ಬಂದವರೆಲ್ಲ “ಎದ್ದಳಾ ನಿಮ್ಮ ರಾಣಿ?” ಎಂದು ಕೇಳುವುದೇ ಚಾಳಿಯಾಯಿತು. ಈಗ ನೆನೆಸಿಕೊಂಡರೂ ನನಗೆ ಮೈಯೆಲ್ಲ ಉರಿಯುತ್ತದೆ.

ಹಿಟ್ಟು ನಾದುವುದರಲ್ಲಿ ಅವಳ ಕೈ ಅಪ್ಪನದನ್ನೂ ಮೀರಿಸಿತ್ತು. ಆಗಷ್ಟೇ ಇಪ್ಪತ್ತೆರಡು ತುಂಬಿದ ಹುಡುಗಿ, ಕೆಲಸದ ನಡುವೆ ಮೈದಾ ಮೂಟೆಗೆ ಒರಗಿ ಕೂತುಬಿಡುತ್ತಿದ್ದಳು. ಹೊಟ್ಟೆ ಉಬ್ಬರಿಸುವುದು, ಮೇಲಿಂದ ಮೇಲೆ ಭೇದಿ, ಬಾಯಲ್ಲಿ ಹುಣ್ಣು, ಬಾಚಣಿಗೆ ತುಂಬ ಕೂದಲು. ಕೇಳಿದವರೆಲ್ಲ ಡಾಕ್ಟರೇ! “ಮೊಬೈಲ್ ನೋಡಿ ನೋಡಿ ಹೀಗಾಗಿದೆ” ಎಂದಳು ಅತ್ತಿಗೆ. “ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ” ಎಂದ ಪಕ್ಕದಂಗಡಿಯ ದರ್ಜಿ. ಬೀದಿಯ ಕೊನೆಯ ನಿಜವಾದ ಡಾಕ್ಟರು ತಲೆ ಕೂಡ ಎತ್ತದೆ ಗ್ಯಾಸಿನ ಮಾತ್ರೆ ಬರೆದು, “ಟೆನ್ಷನ್ ಮಾಡ್ಕೋಬೇಡಮ್ಮ” ಎಂದು ಕಳಿಸಿದರು. ಹೊಟ್ಟೆ ಮುಟ್ಟಿಯೂ ನೋಡಲಿಲ್ಲ, ಪುಣ್ಯಾತ್ಮರು!

ಅಣ್ಣನ ಬಳಿ ಇದ್ದ ಔಷಧಿ ಒಂದೇ: ರಸ್ಕು. ನಮ್ಮಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಹಾಲಿನಲ್ಲಿ ನೆನೆಸಿದ ರಸ್ಕು ಬಿಟ್ಟು ಬೇರೇನೂ ಕೊಡುವಂತಿಲ್ಲ. ಅಣ್ಣ ತಟ್ಟೆಯ ನಡುವಿನ ಹದವಾಗಿ ಬೆಂದ ತುಂಡುಗಳನ್ನೇ ಆರಿಸಿ ಮಗಳ ಡಬ್ಬಿಗೆ ಎತ್ತಿಡುತ್ತಿದ್ದ. ಬೈಯುವವನೂ ಅವನೇ, ಡಬ್ಬಿ ತುಂಬಿಸುವವನೂ ಅವನೇ. ಅವಳು ಪಾಪ, ವಾಸಿಯಾದೀತೆಂದು ತಿನ್ನುತ್ತಲೇ ಹೋದಳು, ಸೊರಗುತ್ತಲೇ ಹೋದಳು.

ಒಂದು ಬೆಳಿಗ್ಗೆ ಒಲೆಯ ಮುಂದೆ, ಬನ್ನಿನ ತಟ್ಟೆಯ ಸಮೇತ ಕುಸಿದು ಬಿದ್ದಳು. ಅಣ್ಣ ಕೌಂಟರಿನಿಂದಲೇ ಕೂಗಿದ: “ಏಳೇ, ನಾಟಕ ಸಾಕು!”

ನನಗೆ ತಲೆ ಕೆಟ್ಟುಹೋಯಿತು. “ಬಾಯಿ ಮುಚ್ಕೋ ಅಣ್ಣ! ನಿನ್ನ ಮಗಳಾ, ನಿನ್ನ ಶತ್ರುನಾ ಇವಳು?” ಎಂದು ಕಿರುಚಿ, ಸಿಕ್ಕಿದ ಗಾಡಿಗೆ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು. “ಹೊಟ್ಟೆ ಕೆಟ್ಟಾಗ ಏನು ತಿಂತೀಯಮ್ಮ?”

“ರಸ್ಕು, ಮೇಡಂ. ಅದು ಬಿಟ್ರೆ ಬ್ರೆಡ್ಡು.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಈ ವಯಸ್ಸಲ್ಲಿ ಹೀಗಾಗೋಕೆ ನೂರು ಕಾರಣ ಇರುತ್ತೆ. ರಕ್ತ ಕಮ್ಮಿ ಇರಬಹುದು, ಥೈರಾಯ್ಡ್ ಇರಬಹುದು, ಕರುಳಲ್ಲಿ ಸೋಂಕಿರಬಹುದು, ಗೋಧಿನೇ ಒಗ್ಗದೆ ಇರಬಹುದು. ಪರೀಕ್ಷೆ ಮಾಡದೆ ಹೇಗೆ ಹೇಳೋದು? ಅಲ್ಲೀವರೆಗೂ ಊಟ ಬದಲಾಯಿಸಬೇಡಿ, ಬದಲಾಯಿಸಿದ್ರೆ ಇರೋ ಕಾಯಿಲೆನೂ ಕಾಣಲ್ಲ.”

ರಕ್ತ ತೆಗೆದರು, ಗಂಟಲಿಗೆ ಕೊಳವೆ ಇಳಿಸಿ ಕರುಳು ನೋಡಿದರು. ಸೀಲಿಯಾಕ್ ಕಾಯಿಲೆಯಂತೆ. ಗೋಧಿ ಒಳಗೆ ಹೋದಾಗಲೆಲ್ಲ ದೇಹ ತನ್ನ ಕರುಳನ್ನೇ ಕೆಡಿಸಿಕೊಳ್ಳುತ್ತದಂತೆ. ಉಂಡದ್ದು ಮೈಗೆ ಹತ್ತುವುದಿಲ್ಲ, ಅದಕ್ಕೇ ರಕ್ತವಿಲ್ಲ, ತ್ರಾಣವಿಲ್ಲ. ಗೋಧಿ, ಮೈದಾ, ರವೆ ಜನ್ಮಪೂರ್ತಿ ಬಿಡಬೇಕು. ಹಿಟ್ಟಿನ ಧೂಳು ಏಳುವ ಕಡೆ ಕೆಲಸವೂ ಬೇಡ ಎಂದರು. ಅವಳು ತನ್ನ ಎರಡೂ ಕೈಗಳನ್ನು ನೋಡಿಕೊಂಡು ಅತ್ತಳು.

ಮನೆಯಲ್ಲಿ ವಿಷಯ ಕೇಳಿದ ಅಣ್ಣ ಆ ರಸ್ಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆಮೇಲೆ ಅಡುಗೆಮನೆಗೆ ಬಂದು, “ತಪ್ಪಾಯ್ತು ಮಗಳೇ” ಎಂದು ಗೊಣಗಿದ.

“ಇಲ್ಲಿ ಬೇಡಪ್ಪ,” ಎಂದಳು. “ಆ ಹೆಸರು ಎಲ್ಲಿ ಇಟ್ಟೆ? ಅಲ್ಲೇ ಹೇಳು.”

ಭೇಷ್ ಅನ್ನಿಸಿತು ನನಗೆ.

ಮರುದಿನ ಬೆಳಿಗ್ಗೆ ಬೇಕರಿ ತುಂಬ ಜನ. ಅವಳು ಒಳಗೆ ಕಾಲಿಡದೆ ಬೀದಿಯಲ್ಲೇ ನಿಂತಿದ್ದಳು. ದರ್ಜಿ ಎಂದಿನಂತೆ ಹಲ್ಲು ಕಿರಿದ: “ಎದ್ದಳಾ ರಾಣಿ?”

ಅಣ್ಣ ತಕ್ಕಡಿಯಿಂದ ಕೈ ತೆಗೆದ. “ಅವಳು ಸೋಮಾರಿ ಅಲ್ಲ. ಕಾಯಿಲೆ ಅವಳಿಗೆ. ಗೋಧಿನೇ ಆಗಲ್ಲ ಅಂತೆ. ನಾನೇ... ನನ್ನ ಕೈಯಾರೆ ತಿನ್ನಿಸ್ತಿದ್ದೆ.”

ಯಾರೂ ನಗಲಿಲ್ಲ. ದರ್ಜಿ ಬ್ರೆಡ್ಡಿನ ಕಡೆ ನೋಡತೊಡಗಿದ.

“ಇನ್ನೊಂದ್ಸಲ ಹೇಳಪ್ಪ,” ಎಂದಳು ಅವಳು ಬೀದಿಯಿಂದಲೇ. “ಹಿಂದೆ ನಿಂತಿರೋರಿಗೆ ಕೇಳಿಸ್ಲಿಲ್ಲ.”