ಗಂಟು ನಿಮ್ಮದಾಗಿರಲಿಲ್ಲ, ಕುಸುಮಕ್ಕ

ಆ ಭರಣಿಗೆ ವಿನೆಗರ್ ಸುರಿದವಳು ನಾನು, ಕುಸುಮಕ್ಕ. ನೀವಲ್ಲ, ನಿಮ್ಮ ಕೈಕೆಳಗಿನ ಹೆಂಗಸರಲ್ಲ — ನಾನು. ಕುಶಾಲನಗರದ ಯಾವುದೋ ಅಂಗಡಿಯಿಂದ ತಂದ ಎರಡು ಬಾಟಲಿ ಬಿಳಿ ವಿನೆಗರ್. ನೀವೆಲ್ಲ ಊಟಕ್ಕೆ ಕೂತಿದ್ದ ಹೊತ್ತಿನಲ್ಲಿ, ನನ್ನದೇ ಶೆಡ್ಡಿನ ಹಿಂಬಾಗಿಲಿನಿಂದ ಕಳ್ಳಿಯ ಹಾಗೆ ಒಳಗೆ ಬಂದು ಸುರಿದೆ. ಆರು ವರ್ಷದಿಂದ ಈ ಮಾತು ಗಂಟಲಲ್ಲೇ ಕೂತಿದೆ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಗಾಳಿಬೀಡಿನ ನನ್ನ ಅಡುಗೆಮನೆಯಲ್ಲಿ ನಾವಿಬ್ಬರೇ ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ, ಕಾಚಂಪುಳಿ, ಕಾಯಿಸುತ್ತಿದ್ದ ದಿನಗಳು ನಿಮಗೆ ನೆನಪಿರಬಹುದು. ಮಳೆಗಾಲದಲ್ಲಿ ಹಣ್ಣು ಉದುರುವುದು, ಬುಟ್ಟಿಯಲ್ಲಿ ಕೊಳೆಹಾಕುವುದು, ಕೆಳಗೆ ಇಟ್ಟ ಪಾತ್ರೆಗೆ ರಸ ತೊಟ್ಟು ತೊಟ್ಟಾಗಿ ಇಳಿಯುವುದು, ಅದನ್ನು ಕಪ್ಪಗೆ ಮಂದವಾಗುವವರೆಗೆ ಕುದಿಸುವುದು. ನನಗೆ ಎಂದೂ ಹದ ಸಿಗಲಿಲ್ಲ. ನೀವು ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಇಟ್ಟು, ಕೈ ಓರೆ ಮಾಡಿ, ಅದು ಜಾರದಿದ್ದರೆ 'ಆಯ್ತು, ಇಳಿಸು ಲಲಿತಾ' ಅನ್ನುತ್ತಿದ್ದಿರಿ. ಆಗ ನಾನು ನಿಮಗೆ ಬರೀ ಲಲಿತಾ. ಊರಿನ ಮನೆಗಳವರೂ ತಮ್ಮ ತಮ್ಮ ಹುಳಿ ಕಾಯಿಸಲು ನಿಮ್ಮನ್ನೇ ಕರೆಯುತ್ತಿದ್ದರು. ಕುಸುಮ ಕಾಯಿಸಿದರೆ ಹತ್ತು ವರ್ಷ ಇಟ್ಟರೂ ಕೆಡುವುದಿಲ್ಲ ಎಂಬ ಮಾತಿತ್ತು. ನಿಮಗೆ ಜಮೀನಿರಲಿಲ್ಲ, ಗಂಡ ಇರಲಿಲ್ಲ. ಆ ಮಾತೇ ನಿಮ್ಮ ಆಸ್ತಿ. ಅದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಮಾಡಿದೆ.

ವ್ಯಾಪಾರ ಬೆಳೆಯಿತು. ಶೆಡ್ ಬಂತು, ಜೇನು, ಕರಿಮೆಣಸು ಸೇರಿದವು, ಕುಶಾಲನಗರದಲ್ಲಿ ಅಂಗಡಿಯೂ ಆಯಿತು. ನನಗೆ ಸೊಂಟನೋವು ಶುರುವಾದ ವರ್ಷ ಮೈಸೂರಿನ ಒಂದು ತರಬೇತಿಗೆ ಹೋದೆ. ಅಲ್ಲಿ ಪಾಠ ಮಾಡಿದವರು, ಮಾಲೀಕರಿಲ್ಲದೆ ನಡೆದರೆ ಮಾತ್ರ ಅದು ಉದ್ಯಮ, ಮಾಲೀಕರಿದ್ದರೆ ಮಾತ್ರ ನಡೆಯುವುದು ಕೂಲಿ ಅಂದರು. ಆ ಮಾತು ತಲೆಗೇರಿತು. ಬಂದವಳೇ ಎಲ್ಲವನ್ನೂ ಹಂಚಿದೆ. ಕಾಯಿಸುವುದು, ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುವುದು ನಿಮಗೆ. ಬಾಟಲಿಗೆ ತುಂಬುವ ಮೊದಲು ರುಚಿ ನೋಡುವುದು, ಕೆಲಸದವರು, ಅಂಗಡಿ ಎಲ್ಲವೂ ಹೊಸ ಮ್ಯಾನೇಜರ್ ಪ್ರಕಾಶನಿಗೆ. ನಿಯಮಗಳನ್ನು ನಾನೇ ಬರೆದು ಗೋಡೆಗೆ ಅಂಟಿಸಿದೆ. ಕಲಬೆರಕೆ ಸಿಕ್ಕಿದರೆ ಆ ಭರಣಿಯ ಜವಾಬ್ದಾರರು ಅಂದೇ ಕೆಲಸ ಬಿಡಬೇಕು. ಮ್ಯಾನೇಜರ್ ತೀರ್ಮಾನವೇ ಕೊನೆ. ಮಾಲೀಕರು ನಡುವೆ ಬರುವುದಿಲ್ಲ. ಅವತ್ತಿನಿಂದ ನೀವೂ ನನ್ನನ್ನು ಮೇಡಂ ಅನ್ನತೊಡಗಿದಿರಿ.

ಆಮೇಲೆ ಮದುವೆ ಮನೆ, ಸಂಘದ ಸಭೆ, ಎಲ್ಲಿ ಹೋದರೂ ನನ್ನದು ಒಂದೇ ಹಾಡು — ನಾನು ಎಲ್ಲ ಬಿಟ್ಟುಕೊಟ್ಟಿದ್ದೇನೆ, ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಸುಳ್ಳು! ಕೊಟ್ಟದ್ದು ಕೆಲಸ ಮಾತ್ರ, ನಂಬಿಕೆ ಕೊಟ್ಟಿರಲಿಲ್ಲ. ಹಿಂಬಾಗಿಲಿನ ಬೀಗದ ಕೀ ನನ್ನ ಬ್ಯಾಗಿನಲ್ಲೇ ಇತ್ತು. ಖಾಲಿ ಭರಣಿಗಳ ಒಳಗೆ ಮೂಗಿಟ್ಟು ಮೂಸುತ್ತಿದ್ದೆ. ಬಾಟಲಿಯ ಲೇಬಲ್ಲಿನ ಮೂಲೆಯಲ್ಲಿ ಸೂಜಿಯಿಂದ ಗುರುತು ಗೀರಿ, ಅದೇ ಬಾಟಲಿ ಅಂಗಡಿ ಸೇರಿತೇ ಎಂದು ಹೋಗಿ ಹುಡುಕುತ್ತಿದ್ದೆ. ಸೇರಿರುತ್ತಿತ್ತು. ಸೇರಿದ್ದು ಕಂಡರೆ ಸಮಾಧಾನವಾಗಬೇಕಲ್ಲ? ಇಲ್ಲ. ಇವರು ನನಗಿಂತ ಚಾಲಾಕು, ಗುರುತು ಕಂಡುಹಿಡಿದಿದ್ದಾರೆ ಅನ್ನಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನಾನಿಲ್ಲದೆ ಇಷ್ಟು ಚೆನ್ನಾಗಿ ನಡೆಯುತ್ತಿದೆ ಎಂದರೆ, ನನಗೆ ಗೊತ್ತಿಲ್ಲದೆ ಏನೋ ನಡೆಯುತ್ತಿದೆ — ಇದು ನನ್ನ ಲೆಕ್ಕಾಚಾರ. ಈಗ ನಿಜ ಹೇಳುತ್ತೇನೆ. ನಾನು ಬೇಡವಾದೆನಲ್ಲ ಎಂಬ ಹೊಟ್ಟೆಯುರಿ ಅದು.

ಅಷ್ಟರಲ್ಲಿ ಮಡಿಕೇರಿಯ ಒಬ್ಬ ಹೋಟೆಲಿನವರು, ಈ ಸಲ ನಿಮ್ಮ ಹುಳಿ ಚೂರು ತೆಳುವೋ ಏನೋ ಅಂತ ಮಾತಿಗೆ ಅಂದರು. ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ನೀವು ನೀರು ಬೆರೆಸುತ್ತಿರಬಹುದು, ಪ್ರಕಾಶ ಕಂಡೂ ಸುಮ್ಮನಿರಬಹುದು, ಇಬ್ಬರೂ ಸೇರಿರಬಹುದು... ನೇರವಾಗಿ ಬಂದು ಕೇಳಬಹುದಿತ್ತು. ಕೇಳಿದರೆ ನನ್ನ ಹಾಡು ಸುಳ್ಳಾಗುತ್ತಿತ್ತು. ಅದಕ್ಕೇ ಪರೀಕ್ಷೆ. ಪ್ರಕಾಶನ ನಾಲಿಗೆ ವಿನೆಗರ್ ಹಿಡಿದರೆ ಅವನು ಸಾಚಾ, ಆಗ ನಾನೇ ನಕ್ಕು ಹೇಳಿಬಿಡುವುದು. ಹಿಡಿಯದಿದ್ದರೆ ಇಬ್ಬರೂ ಕಳ್ಳರು. ನಿಮ್ಮ ಗತಿ ಏನಾದೀತು ಎಂದು ನಾನು ಯೋಚಿಸಲೇ ಇಲ್ಲ, ಕುಸುಮಕ್ಕ. ನೀವು ನನ್ನ ಪರೀಕ್ಷೆಯಲ್ಲಿ ಒಂದು ಭರಣಿ ಮಾತ್ರ ಆಗಿದ್ದಿರಿ.

ಅವನು ಹಿಡಿದ. ಬೆರಳ ತುದಿಯಲ್ಲಿ ನೆಕ್ಕಿದವನೇ ಮುಖ ಹಿಂಡಿದ. ಉಗುರಿನ ಮೇಲಿಟ್ಟ ಹನಿ ಸರ್ರನೆ ಜಾರಿತು. ನಾನು ಏನೂ ಅರಿಯದವಳಂತೆ ಅದೇ ಹೊತ್ತಿಗೆ ಮುಂಬಾಗಿಲಿನಿಂದ ಬಂದು ನಿಂತಿದ್ದೆ. ಅಬ್ಬಾ, ಹುಡುಗ ಸಾಚಾ ಎಂದು ಖುಷಿಪಟ್ಟೆ ಕೂಡ! ಆ ಖುಷಿ ಇಳಿಯುವ ಮೊದಲೇ ಅವನು ನಿಮಗೆ ಗೋಡೆಯ ಕಾಗದ ತೋರಿಸಿ, ನೀವು ಇವತ್ತೇ ಹೋಗಬೇಕಾಗುತ್ತದೆ ಎಂದುಬಿಟ್ಟಿದ್ದ. ಹನ್ನೊಂದು ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ನೀವು ಅಳಲಿಲ್ಲ. ಭರಣಿಯ ಬಾಯಿಯಿಂದ ಬಿಚ್ಚಿಟ್ಟಿದ್ದ ಬಟ್ಟೆ, ದಾರ ಎತ್ತಿ ನೋಡಿದಿರಿ. ದಾರದಲ್ಲಿ ಗಂಟು ಹಾಗೇ ಇತ್ತು, ಪ್ರಕಾಶ ಬಿಚ್ಚಲಾಗದೆ ಕತ್ತರಿಸಿ ತೆಗೆದಿದ್ದ. ನಿಮ್ಮ ಗಂಟು ಎಳೆದರೆ ಬಿಚ್ಚುವಂಥದ್ದು. ಹುಲ್ಲಿನ ಹೊರೆ ಕಟ್ಟುವಾಗ ನಿಮ್ಮಮ್ಮ ಕಲಿಸಿದ್ದು ಅಂತ ನನಗೂ ಕಲಿಸಲು ನೋಡಿದ್ದಿರಿ, ನನಗೆ ಬರಲಿಲ್ಲ. ನೀವು ಆ ದಾರವನ್ನು ಪ್ರಕಾಶನಿಗೆ ತೋರಿಸಲಿಲ್ಲ. ನನ್ನ ಮುಂದೆ ಹಿಡಿದಿರಿ.

"ಈ ಗಂಟು ನಂದಲ್ಲ, ಲಲಿತಾ."

ಎಷ್ಟೋ ವರ್ಷದ ಮೇಲೆ ಮತ್ತೆ ಲಲಿತಾ. ಅಷ್ಟು ಜನರ ಎದುರಿಗೆ. ಅದು ನನ್ನ ಗಂಟು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಎಲ್ಲ ಬಿಟ್ಟುಕೊಟ್ಟವಳು ಹಿಂಬಾಗಿಲಿನಿಂದ ನುಸುಳುತ್ತಾಳೆ ಎಂದು ಆ ಹನ್ನೊಂದು ಜನ ಸಂಜೆಯೊಳಗೆ ಊರಿಗೆಲ್ಲ ಹೇಳುತ್ತಾರಲ್ಲ — ಅದೊಂದೇ ಕಣ್ಣ ಮುಂದೆ ಬಂತು. ಕಿಟಕಿಯ ಕಡೆ ನೋಡುತ್ತಾ ನಾನು ಅಂದೆ:

"ನಾನು ಈಗ ಯಾವುದಕ್ಕೂ ಕೈ ಹಾಕುವುದಿಲ್ಲ ಕುಸುಮಕ್ಕ. ಪ್ರಕಾಶ್ ಹೇಳಿದ್ದೇ ಕೊನೆ."

ನೀವು ಸೌಟು ತೊಳೆದು ಬೋರಲು ಹಾಕಿ ಹೋದಿರಿ. ತೊಳೆಯದೇ ಹೋಗಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲವೇನೋ.

ಮರುವರ್ಷದ ಮಳೆಗಾಲದಲ್ಲಿ ಯಾವ ಮನೆಯವರೂ ನಿಮ್ಮನ್ನು ಹುಳಿ ಕಾಯಿಸಲು ಕರೆಯಲಿಲ್ಲ. ವಿನೆಗರ್ ಕುಸುಮ ಎಂಬ ಹೆಸರು ಹುಟ್ಟಿತು. ನನ್ನ ಎದುರಿಗೇ ಆ ಹೆಸರು ಹೇಳಿ ನಕ್ಕರು, ನಾನೂ ಅರ್ಧ ನಕ್ಕೆ. ನೀವು ನೆಲ್ಯಹುದಿಕೇರಿಯ ತಂಗಿಯ ಮನೆ ಸೇರಿ ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದೀರಿ ಎಂದು ಕೇಳಿದೆ. ಹುತ್ತರಿ ಹಬ್ಬಕ್ಕೆ ಸೀರೆ ಕಳಿಸಿದೆ, ಪ್ರಕಾಶನ ಕೈಯಲ್ಲಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಬುದ್ಧಿ. ಸೀರೆ ಮಡಿಕೆ ಬಿಚ್ಚದೆ ವಾಪಸು ಬಂತು. ಒಳ್ಳೆಯದೇ ಮಾಡಿದಿರಿ.

ವ್ಯಾಪಾರ ಮಾತ್ರ ನಾನಿಲ್ಲದೆ ನಡೆದೇ ನಡೆಯಿತು. ಆದರೆ ಶೆಡ್ಡಿನಲ್ಲಿ ಮೊದಲಿನ ಮಾತುಕತೆ ಇಲ್ಲ. ಒಬ್ಬರು ಮುಚ್ಚಿದ ಭರಣಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಪ್ರಕಾಶ ಪ್ರತಿ ಗಂಟಿನ ಫೋಟೋ ತೆಗೆದಿಡುತ್ತಾನೆ. ಹೋದ ತಿಂಗಳು ಅವನು ಕ್ಯಾಮೆರಾ ಹಾಕಿಸಿದ, ಎರಡು. ಒಂದು ಭರಣಿಗಳ ಕಡೆ. ಇನ್ನೊಂದು ಹಿಂಬಾಗಿಲಿನ ಕಡೆ — ನನ್ನೊಬ್ಬಳ ಬಳಿ ಮಾತ್ರ ಕೀ ಇರುವ ಬಾಗಿಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬ್ಯಾಗು ಮುಟ್ಟಿಕೊಂಡೆ. ಮೂರು ವಾರ ನಾನು ಅವನನ್ನು ಅಳೆದೆ, ಅವನು ನನ್ನನ್ನು ಅಳೆದ. ಚಹಾ ತಂದಿಟ್ಟರೂ ಯಾಕೆ ತಂದ ಅನ್ನಿಸುತ್ತಿತ್ತು.

ಇವತ್ತು ಹೇಳಿಬಿಟ್ಟೆ. ಮಧ್ಯಾಹ್ನ, ಎಲ್ಲ ಹೆಂಗಸರನ್ನೂ ನಿಲ್ಲಿಸಿ, ಅದೇ ಭರಣಿಗಳ ಎದುರು. ಎಲ್ಲರೂ ಹೋದ ಮೇಲೆ ಪ್ರಕಾಶ ನೆಲ ನೋಡುತ್ತಾ ಅಂದ, "ಆ ವಾರವೇ ನಂಗೆ ಡೌಟ್ ಬಂದಿತ್ತು ಮೇಡಂ. ಆದ್ರೆ ಕಳಿಸಿದ್ದು ನಾನಲ್ವಾ, ಯಾವ ಮುಖ ಇಟ್ಕೊಂಡು ಹೇಳೋದು?" ಆಮೇಲೆ ನಾನು ನಿಮ್ಮನ್ನು ನೋಡಲು ಹೊರಟಿದ್ದೇನೆ ಅಂದಾಗ, ಮೇಡಂ ಯಾಕೆ ಅಷ್ಟು ದೂರ ಹೋಗಬೇಕು, ನಾನೇ ಹೋಗಿ ಅವರ ಹತ್ತಿರ ಮಾತಾಡಿ ಬರುತ್ತೇನೆ ಎಂದ.

ಕುಸುಮಕ್ಕ, ಆ ಕ್ಷಣ ನನಗೆ ಹಾಯೆನಿಸಿತು. ಇದನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಸರಿ, ನೀನೇ ಹೋಗು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಪ್ಪು ಒಪ್ಪಿಕೊಳ್ಳುವುದನ್ನೂ ಇನ್ನೊಬ್ಬರ ಕೈಗೆ ಕೊಡಲು ಹೊರಟವಳು ನಾನು. ಬೇಡ ಎಂದೆ. ಹಿಂಬಾಗಿಲಿನ ಕೀ ಅವನ ಕೈಗಿಟ್ಟು ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಾಳೆ ಬೆಳಗಿನ ಬಸ್ಸಿಗೆ ನೆಲ್ಯಹುದಿಕೇರಿಗೆ ಬರುತ್ತೇನೆ. ಈ ಕಾಗದವನ್ನು ನಿಮ್ಮ ಎದುರಿಗೆ ನಾನೇ ಓದುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಅಂಗಳದಲ್ಲಿ ನಿಂತು, ನಿಮ್ಮ ತಂಗಿಗೂ ಅಕ್ಕಪಕ್ಕದವರಿಗೂ ಕೇಳುವ ಹಾಗೆ ಓದುತ್ತೇನೆ. ಅಲ್ಲಿಂದ ಬಂದು ಗಾಳಿಬೀಡಿನಲ್ಲಿ ನಿಮ್ಮನ್ನು ಕರೆಯುತ್ತಿದ್ದ ಒಂದೊಂದು ಮನೆಗೂ ಹೋಗಿ ಹೇಳುತ್ತೇನೆ. ಈ ವರ್ಷದ ಹಣ್ಣು ಆಗಲೇ ಉದುರತೊಡಗಿದೆ, ಅವರಿಗೆ ಬೇಗ ಗೊತ್ತಾಗಬೇಕು. ಮತ್ತೆ ಕೆಲಸಕ್ಕೆ ಬನ್ನಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಕ್ಷಮಿಸಿ ಎಂದೂ ಕೇಳುವುದಿಲ್ಲ. ನೀವು ನನ್ನನ್ನು ಲಲಿತಾ ಎಂದು ಕರೆಯಬೇಕಾಗಿಯೂ ಇಲ್ಲ. ಆ ದಾರವನ್ನು ನಾನು ಇಷ್ಟು ವರ್ಷ ಎಸೆಯದೆ ಇಟ್ಟುಕೊಂಡಿದ್ದೇನೆ. ಅದನ್ನೂ ತರುತ್ತೇನೆ, ಗಂಟು ಇನ್ನೂ ಹಾಗೇ ಇದೆ.