ಲಾಳಿಯಕ್ಕನ ಸಂಜೆ ಪಾರ್ಸೆಲ್

ಲಾಳಿಯಕ್ಕನ ಎರಡು ಕಿವಿಗಳ ಬಾಬ್ತು ಮಗ್ಗದ ಗಿರಣಿಯಿಂದ ಬರಬೇಕಾದ ಪರಿಹಾರ ಇವತ್ತಿನವರೆಗೂ ಬಂದಿಲ್ಲ. ಗಿರಣಿಗೆ ಬೀಗ ಬಿತ್ತು, ಮಾಲೀಕ ಮಗ್ಗಗಳನ್ನು ಗುಜರಿಗೆ ಹಾಕಿದ, ಜಾಗ ಮಾರಿಕೊಂಡ, ವಕೀಲರು ಬದಲಾದರು. ಕೆಲಸಗಾರರು ಗೇಟಿನ ಮುಂದೆ ಚಾಪೆ ಹಾಸಿಕೊಂಡು ಕೂತರು, ಲಾಠಿ ತಿಂದರು, ಚಾಪೆ ಸುತ್ತಿಕೊಂಡು ಮನೆಗೆ ಹೋದರು. ಕಿವಿಯೂ ವಾಪಸ್ ಬರಲಿಲ್ಲ, ಅದರ ದುಡ್ಡೂ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಬರುವ ಗಲಾಟೆಗೆಲ್ಲ ಮೂಲ ಆ ಕಿವಿಗಳೇ.

ಮಗ್ಗದ ಶೆಡ್ಡಿನಲ್ಲಿ ದುಡಿದವರಿಗೆ ಗೊತ್ತು, ಅಲ್ಲಿ ಬಾಯಿದ್ದೂ ಮಾತಿಲ್ಲ. ಅಷ್ಟೊಂದು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವಳು ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು, ಕೈಯಲ್ಲೇ ಉತ್ತರ ಕೊಡುತ್ತಿದ್ದರು. ಅಂಗೈ ಎತ್ತಿ ತೋರಿಸಿದರೆ ‘ನಿಲ್ಲು’. ಬೆರಳುಗಳನ್ನು ತನ್ನ ಕಡೆಗೆ ಮಡಚಿದರೆ ‘ಬಾ’. ಅಂಗೈ ಕೆಳಮುಖ ಮಾಡಿ ಗಾಳಿಯನ್ನು ಒತ್ತಿದರೆ ‘ಅಲ್ಲೇ ಇಡು’. ಹೆರಿಗೆಯ ಸುದ್ದಿ, ಮೇಸ್ತ್ರಿಯ ಮೇಲಿನ ಬೈಗುಳ, ಮುಷ್ಕರದ ತೀರ್ಮಾನ ಎಲ್ಲವೂ ಹೀಗೇ ಸಾಲಿನಿಂದ ಸಾಲಿಗೆ ಸಾಗುತ್ತಿತ್ತು. ಮಗ್ಗಗಳ ನಡುವೆ ಆ ತುದಿಯಿಂದ ಈ ತುದಿಗೆ ಒಂದೇ ಸಮನೆ ಓಡಾಡುತ್ತಿದ್ದವಳಿಗೆ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹೆಸರೇ ಅಂಟಿಕೊಂಡಿತು.

ಗಿರಣಿ ಹೋದ ಮೇಲೆ ಅವಳು ಒಂದು ಕಂಪನಿಯ ಪಾರ್ಸೆಲ್ ಹಂಚುವ ಕೆಲಸ ಹಿಡಿದಳು. ಸ್ಕೂಟರಿನ ಹಿಂದೊಂದು ದೊಡ್ಡ ಚೀಲ, ಕಾಲ ಬಳಿ ಒಂದು ಸಣ್ಣ ಚೀಲ. ಅವಳ ಪಾಲಿನ ರಸ್ತೆಯಲ್ಲಿ ಅರ್ಧಕ್ಕರ್ಧ ಪಾರ್ಸೆಲ್ ಹೋಗುತ್ತಿದ್ದುದು ಒಂದೇ ಕಟ್ಟಡಕ್ಕೆ. ನಡುವೆ ಸಿಮೆಂಟಿನ ಅಂಗಳ, ನಾಲ್ಕೂ ಮಗ್ಗುಲಿಗೆ ಮನೆಗಳು, ಎಲ್ಲ ಮನೆಯ ಅಡುಗೆ ಕೋಣೆಯ ಕಿಟಕಿಯೂ ಅಂಗಳದ ಕಡೆಗೇ. ಲಿಫ್ಟ್ ಇತ್ತು, ಅದಕ್ಕೆ ಮನಸ್ಸು ಬಂದ ದಿನ ಮೇಲಕ್ಕೆ ಹೋಗುತ್ತಿತ್ತು.

ಹಗಲು ಹೋದರೆ ಬಾಗಿಲಿಗೆಲ್ಲ ಬೀಗ. ತಲುಪದ ಪಾರ್ಸೆಲ್ಲಿಗೆ ಕಂಪನಿ ಬಿಡಿಗಾಸು ಕೊಡುವುದಿಲ್ಲ. ಹತ್ತಿಳಿದ ಮೆಟ್ಟಿಲು, ಸುಟ್ಟ ಪೆಟ್ರೋಲು ಎರಡೂ ಅವಳ ತಲೆಗೇ. ಸಂಜೆಯಾದರೆ ಜನ ಮನೆಯಲ್ಲಿರುತ್ತಾರೆ. ಅವರೇ ಮೊಬೈಲಿನಲ್ಲಿ ‘ಸಂಜೆ ತಲುಪಿಸಿ’ ಅಂತ ಒತ್ತಿರುತ್ತಾರೆ. ಒತ್ತಿದವರೇ ಬಾಗಿಲು ತೆರೆಯುವಾಗ ಮುಖ ಗಂಟಿಕ್ಕುತ್ತಾರೆ. ಒಬ್ಬರು ಮಗುವಿಗೆ ಲೆಕ್ಕ ಹೇಳಿಕೊಡುತ್ತಿರುತ್ತಾರೆ, ಒಬ್ಬರ ತಲೆಗೆ ಸೋಪು ಹತ್ತಿರುತ್ತದೆ, ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಜಗಳ ಆಗಷ್ಟೇ ಕಾವೇರಿರುತ್ತದೆ. ತಪ್ಪೂ ಅನ್ನುವಂತಿಲ್ಲ. ದುಡಿದು ಬಂದವರಿಗೆ ದಿನದಲ್ಲಿ ತಮ್ಮದು ಅಂತ ಉಳಿಯುವುದೇ ಆ ಒಂದು ತುಂಡು ಹೊತ್ತು. ಆದರೆ ಲಾಳಿಯಕ್ಕನ ಅನ್ನವೂ ಆ ತುಂಡಿನಲ್ಲೇ ಇತ್ತಲ್ಲ!

ಇದರ ಜೊತೆಗೆ ಅವಳಿಗೇ ತಿಳಿಯದ ಒಂದು ಯಡವಟ್ಟು ದಿನಾ ನಡೆಯುತ್ತಿತ್ತು. ಬೆಲ್ ಒತ್ತುತ್ತಾಳೆ. ಒಳಗೆ ಬೆಲ್ ಆಗುತ್ತದೆ. ಅವಳಿಗೆ ಕೇಳಿಸುವುದಿಲ್ಲ. ಕೆಟ್ಟಿರಬೇಕು ಅಂದುಕೊಂಡು ಮತ್ತೆ ಒತ್ತುತ್ತಾಳೆ, ಬೆರಳು ತೆಗೆಯದೆ. ಆಮೇಲೆ ಅಂಗೈಯಲ್ಲಿ ಕದ ಬಡಿಯುತ್ತಾಳೆ. ಅದೂ ಸಾಲದೆ “ಪಾರ್ಸೆಲ್!” ಅಂತ ಕೂಗುತ್ತಾಳೆ, ಮೇಲಿನ ಮಹಡಿಯ ಕೂಸು ಬೆಚ್ಚಿ ಅಳುತ್ತದೆ. ಗಿರಣಿಯ ಕೇಸಿಗೆಂದು ಡಾಕ್ಟರು ‘ಕಿವಿ ಮಂದವಾಗಿದೆ’ ಅಂತ ಬರೆದುಕೊಟ್ಟಿದ್ದರು, ನಿಜ. ಅದನ್ನು ಅವಳು ಪರಿಹಾರಕ್ಕೆ ಬೇಕಾದ ಕಾಗದ ಅಂದುಕೊಂಡಳೇ ಹೊರತು ತನ್ನ ಕಿವಿಯ ಸುದ್ದಿ ಅಂದುಕೊಳ್ಳಲಿಲ್ಲ. ಎದುರಿನವರ ತುಟಿ ಕಂಡರೆ ಮಾತು ತಿಳಿಯುತ್ತಿತ್ತು. ತಿಳಿದದ್ದನ್ನೆಲ್ಲ ಕಿವಿಯಿಂದಲೇ ಕೇಳಿದ್ದು ಅಂತ ನಂಬಿಕೊಂಡಿದ್ದಳು. ಹಾಗಾಗಿ ಆ ಕಟ್ಟಡದ ಬೆಲ್‌ಗಳ ಬಗ್ಗೆ ಅವಳಿಗೆ ಭಾರೀ ಅಸಮಾಧಾನ. “ಇಷ್ಟೊಂದು ಮಹಡಿ ಮೇಲೆ ಮನೆ ಮಾಡ್ಕೊಂಡಿದಾರೆ, ಒಂದು ಬೆಲ್ ರಿಪೇರಿ ಮಾಡಿಸೋಕೆ ಕೈ ಬರಲ್ಲ ಇವರಿಗೆ” ಅಂತ ಕಾವಲುಗಾರನ ಹತ್ತಿರ ಆಡಿಕೊಳ್ಳುತ್ತಿದ್ದಳು.

ಎರಡನೆಯ ಮಹಡಿಯಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ರಾತ್ರಿಯೆಲ್ಲ ದೂರದ ಊರಿಗೆ ಬಸ್ ಓಡಿಸುವವನು. ಡ್ಯೂಟಿಗೆ ಹೊರಡುವ ಮುಂಚೆ, ಸಂಜೆ ಹೊತ್ತಿನಲ್ಲಿ, ಅವನು ಒಂದಿಷ್ಟು ಮಲಗಲೇಬೇಕು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗುಂಡಿ, ಜಿಪ್ಪು, ದಾರದ ಉಂಡೆ ಅಂತ ಅವಳಿಗೆ ಪಾರ್ಸೆಲ್ ಬರುತ್ತಲೇ ಇರುತ್ತಿತ್ತು. ಒಂದು ಸಂಜೆ ಅವಳು ಮನೆಯಲ್ಲಿರಲಿಲ್ಲ. ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತುಕೊಂಡು ಡ್ರೈವರೇ ಬಾಗಿಲು ತೆರೆದ.

“ಏನಮ್ಮಾ, ಬೆಲ್ ಮೇಲೇ ಕೂತ್ಬಿಟ್ಟಿದೀಯಾ?”

“ನಿಮ್ಮ ಬೆಲ್ ಕೆಟ್ಟೋಗಿದೆ ಸ್ವಾಮಿ, ಮೊದಲು ಅದನ್ನ ಸರಿ ಮಾಡಿಸಿ!”

“ಕೆಟ್ಟಿದ್ರೆ ನಾನ್ಯಾಕೆ ಎದ್ದು ಬರ್ತಿದ್ದೆ? ಕನಸಲ್ಲಿ ನೀನು ಕಂಡೆ ಅಂತಾನಾ?”

“ಕನಸಲ್ಲಿ ಬರೋ ವಯಸ್ಸು ನಂದಲ್ಲ. ತಗೊಳ್ಳಿ, ಗುಂಡಿ ಡಬ್ಬ.”

ಅವನು ಬಾಗಿಲನ್ನು ಮುಖಕ್ಕೆ ಬಡಿದಂತೆ ಹಾಕಿಕೊಂಡ. ಮರುದಿನವೇ ಕಟ್ಟಡದ ಸಂಘಕ್ಕೆ ದೂರು ಹೋಯಿತು. ಇಂಥ ದೂರುಗಳು ಮೊದಲೇ ಸಾಕಷ್ಟಿದ್ದವು, ಇದು ಸೇರಿ ರಾಶಿಯಾಯಿತು. ಭಾನುವಾರ ಸಭೆ, ದೀಪ ಹಚ್ಚಿದ ಮೇಲೆ ಪಾರ್ಸೆಲ್‌ನವರನ್ನು ಗೇಟಿನೊಳಗೆ ಬಿಡಬಾರದು ಅಂತ ತೀರ್ಮಾನ ಮಾಡುತ್ತಾರೆ ಎಂದು ಕಾವಲುಗಾರ ಅವಳಿಗೆ ತಿಳಿಸಿದ. ಆ ತೀರ್ಮಾನವಾದರೆ ಆ ರಸ್ತೆಯ ಕೆಲಸ ಅವಳ ಕೈಬಿಟ್ಟು ಹೋದಂತೆಯೇ. ಕಂಪನಿಗೆ ಬೇಕಿರುವುದು ತಲುಪಿದ ಪಾರ್ಸೆಲ್, ಅಕ್ಕನೂ ಅಲ್ಲ, ಅಣ್ಣನೂ ಅಲ್ಲ.

ಮನೆಗೆ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ ಶುರು ಮಾಡಿದಳು. “ನೋಡಿ ಅತ್ತೆ, ಅವರ ಮನೆ ಬೆಲ್ ಕೆಟ್ಟಿರೋದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀತಾರಂತೆ!”

ಅತ್ತೆ ಸುಲಿಯುತ್ತಿದ್ದ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಸೊಸೆಯ ಎದುರಿಗೇ ಬಂದು ಕೂತಳು. “ನಮ್ಮನೆ ಬೆಲ್ ಹೇಗಿದೆ?”

“ನಮ್ಮದೂ ಕೆಟ್ಟು ಎಷ್ಟು ಕಾಲ ಆಯ್ತು.”

“ಕೆಟ್ಟಿಲ್ಲ ಕಣೇ. ಯಾರಾದ್ರೂ ಬಂದ್ರೆ ನಾನು ಎದ್ದು ಹೋಗಿ ಬಾಗಿಲು ತೆಗೀತೀನಲ್ಲ, ನನಗೇನು ಬಂದವರ ವಾಸನೆ ಹೊಡಿಯುತ್ತಾ?”

ಲಾಳಿಯಕ್ಕ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

“ನೀನು ನನ್ನ ಹತ್ರ ಉಪ್ಪು ಕೊಡಿ ಅಂದ್ರೆ ಪಕ್ಕದ ಮನೆಯವರು ತಂದ್ಕೊಡ್ತಾರೆ. ಅಷ್ಟಿದೆ ನಿನ್ನ ಗಂಟಲು.”

“ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?”

“ಹೇಳಿದ್ದೆ. ನೀನು ಬೆನ್ನು ಹಾಕ್ಕೊಂಡು ಪಾತ್ರೆ ತೊಳೀತಿದ್ದೆ.”

ಅತ್ತೆ ಎದ್ದುಹೋಗಿ ಹೊರಗಿನಿಂದ ಬೆಲ್ ಒತ್ತಿದಳು. ಒತ್ತಿ ಒಳಗೆ ಬಂದು ‘ಹೇಗೆ?’ ಎನ್ನುವಂತೆ ಹುಬ್ಬು ಹಾರಿಸಿದಳು. ಲಾಳಿಯಕ್ಕನಿಗೆ ಏನೂ ಕೇಳಿಸಿರಲಿಲ್ಲ. ಅವಳಿಗೆ ನಾಚಿಕೆಗಿಂತ ಮುಂಚೆ ಬಂದದ್ದು ಭಯ. ಕಿವಿ ಕೇಳಿಸದವಳು ಸ್ಕೂಟರ್ ಓಡಿಸುತ್ತಾಳೆ ಅಂತ ಕಂಪನಿಗೆ ಗೊತ್ತಾದರೆ ಅಲ್ಲೇ ಚೀಲ ಇಳಿಸಿಕೊಂಡು ಕಳಿಸುತ್ತಾರೆ. “ಯಾರ ಹತ್ರಾನೂ ಬಾಯಿ ಬಿಡಬೇಡಿ ಅತ್ತೆ” ಅಂದಳು, ಬೀದಿಗೆಲ್ಲ ಕೇಳಿಸುವಂತೆ.

ಭಾನುವಾರದ ಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ, ತಾನಾಗಿಯೇ ಹೋಗಿ ನೀರಿನ ತೊಟ್ಟಿಯ ಪಕ್ಕ ನಿಂತಳು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಜನ. ಸಂಘದ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡು, “ಸಂಜೆ ಆದ್ಮೇಲೆ ಮನೆಮನೆ ಕದ ತಟ್ಟೋದು ಸಭ್ಯತೆ ಅಲ್ಲ” ಅಂದರು.

“ಹಗಲು ನಾವ್ಯಾರೂ ಇರಲ್ವಲ್ಲ ಸಾರ್, ಮತ್ತೆ ಯಾವಾಗ ತಗೊಳ್ಳೋದು?” ಅಂತ ಒಬ್ಬಳು ಕೇಳಿದಳು.

“ಗೇಟಲ್ಲಿ ಇಟ್ಟು ಹೋಗಲಿ.”

“ಗೇಟಲ್ಲಿ ಇಟ್ಟಿದ್ದ ಚಪ್ಪಲಿ ಡಬ್ಬದಲ್ಲಿ ನನಗೆ ಸಿಕ್ಕಿದ್ದು ಎಡಗಾಲಿಂದು ಮಾತ್ರ!”

ನಗು, ಗದ್ದಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರೆ ಲಾಳಿಯಕ್ಕನಿಗೆ ಏನೂ ಹಿಡಿತಕ್ಕೆ ಸಿಗಲಿಲ್ಲ. ಮನಸ್ಸಿನಲ್ಲೇ ಡ್ರೈವರನಿಗೆ ಬೈಗುಳ ಜೋಡಿಸಿಕೊಳ್ಳುತ್ತ ಅವನ ಕಡೆ ನೋಡಿದಳು. ಅವನು ಅಂಗಳದ ಆ ತುದಿಯಲ್ಲಿ ಹೆಂಡತಿಯ ಕಡೆ ವಾಲಿ ಪಿಸುಗುಟ್ಟುತ್ತಿದ್ದ. ಅಕ್ಕಪಕ್ಕದವರಿಗೂ ಕೇಳಿಸದ ಮಾತು. ಅದು ಲಾಳಿಯಕ್ಕನಿಗೆ ತುಟಿಯ ಮೇಲೆ ಅಚ್ಚು ಹಾಕಿದ ಹಾಗೆ ಕಂಡಿತು.

“ಅವತ್ತು ಇವಳು ಎಬ್ಬಿಸಿದ ರಾತ್ರಿ ಸ್ಟೀರಿಂಗ್ ಹಿಡಿದ ಹಾಗೇ ಕಣ್ಣು ಮುಚ್ಚಿತ್ತು ಕಣೇ. ಎದುರಿಗೆ ಬಂದ ಲಾರಿಯವನು ಹಾರ್ನ್ ಹೊಡೆದ, ಬಚಾವಾದ್ವಿ. ಡಿಪೋದಲ್ಲಿ ಹೇಳಂಗಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ.”

ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಬಾಯಲ್ಲೇ ಒಣಗಿತು. ತಾನು ಬೆರಳು ತೆಗೆಯದೆ ಒತ್ತಿದ ಬೆಲ್ಲು, ಅವನ ತೂಕಡಿಕೆ, ಹಿಂದಿನ ಸೀಟುಗಳಲ್ಲಿ ನಿದ್ದೆ ಹೋಗಿದ್ದ ಅಷ್ಟೂ ಜನ. ಹೇಳಿದರೆ ಕೆಲಸ ಹೋಗುತ್ತದೆ ಅನ್ನುವ ಮಾತಂತೂ ಅವಳದೇ ಮನೆಯಿಂದ ಎದ್ದು ಬಂದ ಹಾಗಿತ್ತು. ಅವನ ಗುಟ್ಟನ್ನು ಅವಳು ಅಲ್ಲೇ ನುಂಗಿಕೊಂಡಳು. ನುಂಗಿಕೊಂಡು ಮುಂದೆ ಬಂದು ತನ್ನದನ್ನು ಹೊರಗಿಟ್ಟಳು.

“ನನಗೆ ಕಿವಿ ಕೇಳಲ್ಲ!”

ನಾಲ್ಕೂ ಮಗ್ಗುಲ ಗೋಡೆಗೆ ಬಡಿದು ಬಂತು ಆ ಮಾತು. ಕುರ್ಚಿಗಳೆಲ್ಲ ಅವಳ ಕಡೆ ತಿರುಗಿದವು.

“ನಿಮ್ಮ ಬೆಲ್‌ಗಳೆಲ್ಲ ಸರಿಯಾಗಿವೆ. ಕೆಟ್ಟಿರೋದು ನನ್ನ ಕಿವಿ. ನನಗೇ ಗೊತ್ತಿರಲಿಲ್ಲ, ತುಟಿ ನೋಡಿ ಮಾತು ತಿಳ್ಕೋತಿದ್ದೆ. ಮಲಗಿದವರನ್ನ ಎಬ್ಬಿಸಿದ್ದು ನನ್ನ ತಪ್ಪು, ಒಪ್ಕೋತೀನಿ. ಸಂಜೆ ಬಂದಿದ್ದು ಮಾತ್ರ ನನ್ನ ತಪ್ಪಲ್ಲ. ಸಂಜೆ ಬಾ ಅಂದೋರು ನೀವು. ಈ ಗೇಟು ಹಾಕಿದ್ರೆ ನನಗೆ ಕೆಲಸ ಇಲ್ಲ. ಹೇಗೆ ಬರಬೇಕು ಹೇಳಿ, ಹಾಗೆ ಬರ್ತೀನಿ.”

“ಇದನ್ನ ಕಂಪನಿಗೆ ತಿಳಿಸಬೇಕಾಗುತ್ತೆ, ಅಲ್ವಾ?” ಅಂತ ಕಾರ್ಯದರ್ಶಿ ಅತ್ತಿತ್ತ ನೋಡಿದರು.

ಡ್ರೈವರ್ ಎದ್ದು ನಿಂತ. “ಯಾಕೆ ಸಾರ್ ತಿಳಿಸೋದು? ದೂರು ಕೊಟ್ಟೋನು ನಾನು. ನನಗೆ ಬೇಕಿರೋದು ನಿದ್ದೆ, ಅವರ ಅನ್ನ ಅಲ್ಲ.” ಆಮೇಲೆ ಲಾಳಿಯಕ್ಕನ ಎದುರಿಗೇ ಬಂದು, ಮುಖ ಬೆಳಕಿಗೆ ತಿರುಗಿಸಿಕೊಂಡು ನಿಂತ. “ಅಕ್ಕಾ, ಡಿಪೋದಲ್ಲಿ ಬಸ್ಸು ಹಿಂದಕ್ಕೆ ತಗೊಳ್ಳುವಾಗ ಇಂಜಿನ್ ಸದ್ದಲ್ಲಿ ನನಗೂ ಏನೂ ಕೇಳಲ್ಲ. ಹಿಂದೆ ನಿಂತೋನ ಕೈನ ಕನ್ನಡೀಲಿ ನೋಡ್ತೀನಿ. ಬಾ ಅಂದ್ರೆ ಬರ್ತೀನಿ, ನಿಲ್ಲು ಅಂದ್ರೆ ನಿಲ್ತೀನಿ. ನೀವೂ ಅಂಗಳದಲ್ಲಿ ನಿಂತ್ಕೊಂಡು ಕಿಟಕಿ ನೋಡಿ. ಬೆಲ್ ಮುಟ್ಟಲೇಬೇಡಿ.”

ಲಾಳಿಯಕ್ಕನ ಕೈ ತಾನಾಗಿ ಮೇಲೆದ್ದಿತು. ಅಂಗೈ, ಮಡಚಿದ ಬೆರಳು, ಕೆಳಗೆ ಒತ್ತಿದ ಅಂಗೈ. “ನಮ್ಮ ಗಿರಣೀಲಿ ಹೀಗೆ ಮಾಡ್ತಿದ್ವಿ” ಅಂದಳು. ದನಿ ತಗ್ಗಿಸಲು ಮೊದಲ ಸಲ ಪ್ರಯತ್ನಪಟ್ಟಿದ್ದಳು, ಅದು ತಗ್ಗಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಮೊದಲು ಕೈ ಎತ್ತಿ ಅದನ್ನು ಮಾಡಿ ನೋಡಿದವಳು ಡ್ರೈವರನ ಹೆಂಡತಿ. ಆಮೇಲೆ ಚಪ್ಪಲಿ ಕಳೆದುಕೊಂಡವಳು. ಸಭೆ ಮುಗಿಯುವಷ್ಟರಲ್ಲಿ ಕಾರ್ಯದರ್ಶಿಗಳೂ ಯಾರೂ ನೋಡುತ್ತಿಲ್ಲ ಅಂದುಕೊಂಡು ಬೆರಳು ಮಡಚಿ ಅಭ್ಯಾಸ ಮಾಡುತ್ತಿದ್ದರು. ಗೇಟು ಹಾಕುವ ತೀರ್ಮಾನ ಬಿದ್ದುಹೋಯಿತು, ಕಂಪನಿಗೆ ತಿಳಿಸುವ ಮಾತೂ ಅದರ ಜೊತೆಗೇ ಹೋಯಿತು.

ಈಗ ಸಂಜೆ ಅವಳು ಅಂಗಳದ ದೀಪದ ಕೆಳಗೆ ಸ್ಕೂಟರ್ ನಿಲ್ಲಿಸಿ ಮೇಲೆ ನೋಡುತ್ತಾಳೆ. ಬಂದಿದ್ದಾಳೆ ಅಂತ ಮನೆಯವರ ಮೊಬೈಲಿಗೆ ಸಂದೇಶ ಹೋಗಿರುತ್ತದೆ. ಒಂದೊಂದೇ ಕಿಟಕಿಯಲ್ಲಿ ಕೈ ಕಾಣಿಸುತ್ತದೆ. ಸೌಟು ಹಿಡಿದ ಕೈ, ಹಿಟ್ಟು ಮೆತ್ತಿದ ಕೈ. ಶುರುವಿನಲ್ಲಿ ರಗಳೆ ಕಡಿಮೆಯಿರಲಿಲ್ಲ. ಒಂದು ದಿನ ಕಾರ್ಯದರ್ಶಿಗಳು ಸೊಳ್ಳೆ ಓಡಿಸುತ್ತಿದ್ದುದನ್ನು ‘ಬಾ’ ಅಂದುಕೊಂಡು ಅವಳು ನಾಲ್ಕನೇ ಮಹಡಿ ಹತ್ತಿದಳು.

“ನಾನು ಕರೀಲಿಲ್ಲಮ್ಮ.”

“ಎರಡೂ ಕೈಯಲ್ಲಿ ಕರೆದ್ರಲ್ಲ ಸಾರ್!”

ಮುಂದಿನ ವಾರ ಅವರು ಕಿಟಕಿಗೆ ಸೊಳ್ಳೆ ಪರದೆ ತರಿಸಿದರು. ತಂದುಕೊಟ್ಟವಳು ಅವಳೇ. ಈ ಸಲ ಅವರು ಸರಿಯಾಗಿ ‘ಬಾ’ ಅಂದು, ಮೇಲೆ ಬಂದವಳಿಗೆ ಕುರ್ಚಿ ಹಾಕಿ ಒಂದು ಲೋಟ ನೀರು ಕೊಟ್ಟರು.

ಡ್ರೈವರನಿಗೂ ಒಂದು ಪಾರ್ಸೆಲ್ ಬಂತು, ಕೋಣೆಗೆ ಹಾಕುವ ದಪ್ಪನೆಯ ಕಪ್ಪು ಪರದೆ. ಅವನ ಹೆಂಡತಿ ಕಿಟಕಿಯಿಂದ ‘ಅಲ್ಲೇ ಇಡು’ ಅಂದಳು. ಅಕ್ಕ ಬಾಗಿಲ ಬಳಿ ಇಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಬಂದಳು. ಕೆಲವು ದಿನಗಳಾದ ಮೇಲೆ ಖಾಕಿ ಅಂಗಿ ತೊಟ್ಟು ಡ್ಯೂಟಿಗೆ ಹೊರಟವನು ಅಂಗಳದಲ್ಲಿ ಅವಳೆದುರು ನಿಂತು, ಸದ್ದೇ ಇಲ್ಲದೆ ಬರೀ ತುಟಿಯಾಡಿಸಿದ. “ನಿದ್ದೆ ಬರ್ತಿದೆ ಅಕ್ಕಾ. ಚೆನ್ನಾಗಿ ಬರ್ತಿದೆ.”

ಆ ಸಂಜೆ ಅವಳು ಅತ್ತೆಗೆ ಹೇಳಿದಳು. “ಆ ಮನುಷ್ಯ ಎದ್ದು ಬಂದು ಬೈದಿದ್ದಕ್ಕೆ ಅವನಿಗೆ ಕೈ ಮುಗೀಬೇಕು ಅತ್ತೆ. ಬೈಯದೆ ಸುಮ್ಮನಿದ್ದಿದ್ರೆ ನಾನು ಸಾಯೋವರೆಗೂ ಊರವರ ಬೆಲ್‌ಗಳನ್ನೇ ಬೈತಿದ್ದೆ, ಅವನು ಯಾವುದೋ ದಾರೀಲಿ ಮಲಗಿಬಿಡ್ತಿದ್ದ.” ಅತ್ತೆ, “ನನಗೆ ಯಾವಾಗ ಮುಗೀತೀಯ?” ಅಂದಳು. ಸೊಸೆ ಆಗಲೇ ಪಾತ್ರೆಯ ಕಡೆ ತಿರುಗಿದ್ದಳು. ಅತ್ತೆ ಎದ್ದು ಹೋಗಿ ಅವಳ ಮುಂದೆ ನಿಂತು ಇನ್ನೊಮ್ಮೆ ಕೇಳಿದಳು. ಲಾಳಿಯಕ್ಕ ಒದ್ದೆ ಕೈಯಲ್ಲೇ ಮುಗಿದಳು.

ಎಲ್ಲ ಕಿಟಕಿಯಲ್ಲೂ ಕೈ ಏಳುತ್ತದೆ ಅಂದರೆ ಸುಳ್ಳಾಗುತ್ತದೆ. ದೀಪ ಉರಿಯುತ್ತಿರುತ್ತದೆ, ಟಿವಿಯ ಬೆಳಕು ಗೋಡೆಯ ಮೇಲೆ ಕುಣಿಯುತ್ತಿರುತ್ತದೆ, ಕಿಟಕಿ ಮಾತ್ರ ಖಾಲಿ. ಅವಳು ಬೆಲ್ ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದಾಳೆ, ಮುಟ್ಟುವುದಿಲ್ಲ. ಕತ್ತು ನೋಯುವವರೆಗೆ ಮೇಲೆ ನೋಡಿ, ಆ ಪೊಟ್ಟಣವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾಳೆ. ಸಂಜೆ ಪಾರ್ಸೆಲ್ ತರುವುದು ಸರಿಯೋ ತಪ್ಪೋ ಅಂತ ಅವಳನ್ನು ಕೇಳಬೇಡಿ. ಆ ಹೊತ್ತನ್ನು ಆರಿಸಿದವರು ನೀವು. ಇವತ್ತು ನಿಮ್ಮ ಮನೆಗೆ ಏನು ತರಿಸಿದ್ದೀರೋ ನೆನಪು ಮಾಡಿಕೊಳ್ಳಿ. ಬೇಡವಾದರೆ ಈಗಲೇ ಬೇಡ ಅನ್ನಿ, ಅವಳು ಹೊರಡುವ ಮುಂಚೆ. ಬೇಕಾದರೆ ಸೋಫಾದಿಂದ ಏಳಿ, ಕಿಟಕಿಗೆ ಬನ್ನಿ, ಕೈ ಎತ್ತಿ.