ಭದ್ರಾವತಿಯಲ್ಲಿ ಸ್ನೋ ಮೋಡ್

ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದಲೂ ಬಂದಿಲ್ಲ. ತಂಗಿಗೆ ಗಂಡು ನೋಡುತ್ತಿದ್ದ ಆ ವರ್ಷವಂತೂ ಕುಕ್ಕರ್ ಕೂಗುವ ತನಕ ಕಾಯುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ಅವಳ ಜಾತಕದ ಜೊತೆ ಕಳಿಸಿದ ಫೋಟೋ ಮೂರು ಮನೆಗಳಿಂದ ವಾಪಸು ಬಂದಿತ್ತು. ಮೂವರೂ ‘ಜಾತಕ ಕೂಡಿ ಬರಲಿಲ್ಲ’ ಎಂದೇ ಬರೆದಿದ್ದರು. ಅವರು ಜಾತಕ ಬಿಚ್ಚಿಯೇ ಇಲ್ಲ, ಫೋಟೋ ನೋಡಿ ಕವರು ಮುಚ್ಚಿದ್ದಾರೆ ಎಂಬುದು ನಮಗೆಲ್ಲ ಗೊತ್ತಿತ್ತು. ನನ್ನದು ಅಮ್ಮನ ಬಣ್ಣ, ಅವಳದು ಅಪ್ಪನ ಬಣ್ಣ. ಚಿಕ್ಕಂದಿನಿಂದಲೂ ಮನೆಗೆ ಬಂದ ನೆಂಟರು ಈ ಮಾತು ಆಡದೆ ಕಾಫಿ ಲೋಟ ಕೆಳಗಿಟ್ಟಿದ್ದಿಲ್ಲ.

ಅಪ್ಪ ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಲು ಒಂದು ವರ್ಷವಿತ್ತು. ಕ್ವಾರ್ಟರ್ಸ್ ಬಿಡುವುದರೊಳಗೆ ಇವಳ ಮದುವೆ ಆಗಬೇಕೆಂಬುದು ಅಪ್ಪನ ಆಸೆ. ಆದರೆ ತಂಗಿ ಇನ್ನು ಸ್ಟುಡಿಯೋಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದಳು. ಕಳೆದ ಸಲ ಹೋದಾಗ ಅಲ್ಲಿಯವನು, ಇನ್ನೊಂದು ಸುತ್ತು ಪೌಡರ್ ಹಾಕಿಕೊಂಡು ಬನ್ನಿ ಅಂದಿದ್ದನಂತೆ.

“ಬೇಕಾದ್ರೆ ನೀನೇ ತೆಗಿ ಅಕ್ಕ. ನಾನು ಹೇಗಿದೀನೋ ಹಾಗೆ ಬಂದ್ರೆ ಸಾಕು” ಅಂದಳು.

ನಾನು ಮದುವೆಯಾಗಿ ಶಿವಮೊಗ್ಗದ ಗೋಪಾಳದಲ್ಲಿದ್ದೆ. ನನ್ನ ಗಂಡ ಆಗಷ್ಟೇ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದರು. ಸೋಪಿನ ಡಬ್ಬಿಯಷ್ಟು ದೊಡ್ಡದು. ಮೇಲೆ ಒಂದು ಪುಟ್ಟ ಚಕ್ರ, ಅದರ ಮೇಲೆ ಹೆಂಗಸಿನ ತಲೆ, ಬೆಟ್ಟ, ಓಡುವ ಮನುಷ್ಯ, ಚಂದ್ರ. ಚಕ್ರ ಇನ್ನೂ ತಿರುಗಿಸಿದರೆ ಪರದೆಯ ಮೇಲೆ ಮತ್ತಷ್ಟು ಮೋಡುಗಳು, ಯಾವ ಫೋಟೋ ಹೇಗೆ ಬರಬೇಕೆಂದು ಆರಿಸುವ ಗುರುತುಗಳು: ಎಲೆ, ಪಟಾಕಿ, ಸೂರ್ಯಾಸ್ತ, ಮಕ್ಕಳು. ಜೊತೆಗೆ ಬಂದ ಪುಸ್ತಕವನ್ನು ಪರೀಕ್ಷೆಗೆ ಓದುವಂತೆ ಓದಿದೆ. ಗಂಡ ನನ್ನಷ್ಟು ಬೆಳ್ಳಗಿಲ್ಲ, ಪ್ರಯೋಗಕ್ಕೆ ಅವರೇ ಸಿಕ್ಕಿದರು. ಟೆರೇಸಿನ ಮೇಲೆ ಕುರ್ಚಿ ಹಾಕಿ ಕೂರಿಸಿ ಒಂದೊಂದು ಮೋಡಿಗೆ ನಾಲ್ಕು ನಾಲ್ಕು ಫೋಟೋ ತೆಗೆದೆ.

ಹೆಂಗಸಿನ ತಲೆಯ ಮೋಡಿನಲ್ಲಿ ಮುಖ ನುಣ್ಣಗೆ ಬಂತು, ಬಣ್ಣ ಇದ್ದ ಹಾಗೇ ಇತ್ತು. ಎಲೆಯ ಮೋಡಿನಲ್ಲಿ ಕ್ರೋಟನ್ ಗಿಡ ಮಿಂಚಿತು, ಗಂಡ ಇನ್ನಷ್ಟು ಕಪ್ಪಾದರು. ಸೂರ್ಯಾಸ್ತದಲ್ಲಿ ಕುಡಿದವರ ಹಾಗೆ ಕೆಂಪಾದರು. ಕೊನೆಗೆ ಹಿಮದ ಗೊಂಬೆಯ ಗುರುತಿಗೆ ಬಂದೆ. ಸ್ನೋ ಮೋಡ್. ಒತ್ತಿ ನೋಡಿದರೆ ಗಂಡನ ಮುಖ ತೊಳೆದಿಟ್ಟಂತಾಗಿತ್ತು. ಕಪ್ಪು ಮೀಸೆ ಇತ್ತು, ಕನ್ನಡಕ ಇತ್ತು, ಬಣ್ಣ ಮಾತ್ರ ಬೇರೆ ಯಾರದೋ. ಹಿಗ್ಗಿನಿಂದ ಪರದೆಯನ್ನು ಅವರ ಮುಖದ ಮುಂದೆ ಹಿಡಿದೆ.

“ಅದು ಹಿಮ ಬೀಳೋ ಊರಿಗೆ ಇರೋದು ಮಾರಾಯ್ತಿ. ಇಲ್ಲಿ ಏನಕ್ಕೆ?” ಅಂದರು.

“ಇಲ್ಲೇ ಬೇಕಾಗಿರೋದು ರೀ” ಅಂದೆ.

ಭಾನುವಾರದ ತನಕ ಕಾಯಲಾಗಲಿಲ್ಲ. ಮರುದಿನವೇ ಬಸ್ಸು ಹತ್ತಿದೆ. ಭದ್ರಾವತಿ ಇರುವುದೇ ಮುಕ್ಕಾಲು ಗಂಟೆ ದೂರ, ಆ ಮುಕ್ಕಾಲು ಗಂಟೆಯಲ್ಲಿ ಕ್ಯಾಮೆರಾವನ್ನು ಹತ್ತು ಸಲ ತೆಗೆದು ಹತ್ತು ಸಲ ಒಳಗಿಟ್ಟೆ. ಮಾಡುತ್ತಿರುವುದು ಮೋಸ ಎಂದು ಒಮ್ಮೆ ಅನ್ನಿಸಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿಲ್ಲವೇ, ನನ್ನದು ಒಂದೇ ಒಂದು ಎಂದು ಸಮಾಧಾನ ಮಾಡಿಕೊಂಡೆ.

ಕ್ವಾರ್ಟರ್ಸಿನ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಅವಳನ್ನು ನಿಲ್ಲಿಸಿದೆ. ನೇರಳೆ ಸೀರೆ ಉಟ್ಟಿದ್ದಳು, ಪೌಡರ್ ಹಾಕಿರಲಿಲ್ಲ. ನಾನು ಚಕ್ರ ತಿರುಗಿಸುವುದನ್ನು ನೋಡುತ್ತ ನಿಂತಿದ್ದಳು. “ಆಯ್ತಾ?” ಅಂದಳು. “ಆಯ್ತು, ನಗು” ಅಂದೆ. ನಕ್ಕಳು. ಫೋಟೋ ತೋರಿಸು ಅಂದಾಗ ಬ್ಯಾಟರಿ ಮುಗಿಯಿತೆಂದು ಸುಳ್ಳು ಹೇಳಿದೆ. ಒಂದೇ ಅಂದಿದ್ದ ಸುಳ್ಳು ಅಲ್ಲಿಗೇ ಎರಡಾಯಿತು. ಶಿವಮೊಗ್ಗದಲ್ಲಿ ಪ್ರಿಂಟ್ ಹಾಕಿಸಿ, ಅವಳಿಗೆ ತೋರಿಸದೆ, ಜಾತಕದ ಜೊತೆ ನಾನೇ ಅಂಚೆಗೆ ಹಾಕಿದೆ.

ಈ ಸಲ ಫೋಟೋ ವಾಪಸು ಬರಲಿಲ್ಲ. ಹುಡುಗಿ ನೋಡಲು ಬರುತ್ತೇವೆಂದು ಚನ್ನಗಿರಿಯಿಂದ ಫೋನ್ ಬಂತು. ಅಪ್ಪನ ದನಿಯಲ್ಲಿದ್ದ ಸಂತೋಷ ಕೇಳಿ, ನಾನು ಗೆದ್ದೆ ಅಂದುಕೊಂಡೆ.

ಹತ್ತೂವರೆಗೆ ಬರುತ್ತೇವೆ ಅಂದವರು ಒಂಬತ್ತೂವರೆಗೇ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ತಂಗಿ ಇನ್ನೂ ಹಳೆಯ ಚೂಡಿದಾರದಲ್ಲಿದ್ದಳು. ಬಾಗಿಲು ತೆಗೆದವಳೂ ಅವಳೇ, ಕೂರಿಸಿ ನೀರು ಬೆಲ್ಲ ಕೊಟ್ಟವಳೂ ಅವಳೇ. ಅಡುಗೆಮನೆಯಿಂದ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಹುಡುಗನ ತಾಯಿ ಅವಳ ಕೈಗೆ ಲೋಟ ವಾಪಸು ಕೊಡುತ್ತಿದ್ದರು.

“ಹುಡುಗೀನ ಬೇಗ ಕರ್ಕೊಂಡು ಬಾಮ್ಮ. ನಾವು ಶಿವಮೊಗ್ಗದಲ್ಲಿ ಇನ್ನೊಂದು ಮನೆಗೆ ಹೋಗೋದಿದೆ.”

ತಂಗಿ ಲೋಟವನ್ನು ಟೀಪಾಯಿಯ ಮೇಲಿಟ್ಟಳು. “ನಾನೇ ಹುಡುಗಿ” ಅಂದಳು.

ಹುಡುಗ ಜೇಬಿನಿಂದ ಫೋಟೋ ತೆಗೆದ. ಒಮ್ಮೆ ಅದನ್ನು ನೋಡಿದ, ಒಮ್ಮೆ ಅವಳನ್ನು ನೋಡಿದ, ಆಮೇಲೆ ನೆಲ ನೋಡಿದ. ತಾಯಿ ಅದನ್ನು ಅವನ ಕೈಯಿಂದ ಇಸಿದುಕೊಂಡು ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದರು.

“ಹಾಗಾದ್ರೆ ಫೋಟೋದಲ್ಲಿರೋದು ನೀವಾ?”

ತಂಗಿ ಕೈ ಚಾಚಿದಳು. ಅವರು ಫೋಟೋ ಕೊಟ್ಟರು. ಅವಳು ಅದನ್ನು ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿ, ಟೀಪಾಯಿಯ ಮೇಲಿಟ್ಟು, ಒಳಗೆ ಹೋದಳು. ಬಂದವರು ಮರ್ಯಾದೆಗೆ ಉಪ್ಪಿಟ್ಟು ತಿಂದರು, ತಿಳಿಸ್ತೀವಿ ಅಂದರು. ಅಪ್ಪ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದರು. ನಾಚಿಕೆಯಿಂದ ನಾನು ಕುಗ್ಗಿಹೋಗಿದ್ದೆ, ಆದರೂ ಸುಮ್ಮನಿರಲಾಗದೆ ತಂಗಿಯ ಹಿಂದೆ ಹೋದೆ. ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು.

“ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೇ. ಅವರಿಗೆ ಯೋಗ್ಯತೆ ಇಲ್ಲ. ಬಂದು ಮಾತಾಡ್ಸಿದ್ರೆ ನಿನ್ನ ಗುಣ ನೋಡಿ ಒಪ್ತಾರೆ ಅಂದ್ಕೊಂಡೆ” ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಪೂರ್ತಿ ತೊಳೆದು, ಬೋರಲು ಹಾಕಿ, ಆಮೇಲೆ ನಿಧಾನವಾಗಿ ಕೇಳಿದಳು.

“ಅವರು ನನ್ನ ಇವತ್ತು ಮೊದಲ ಸಲ ನೋಡಿದ್ದು ಅಕ್ಕ. ನೀನು ನಾನು ಹುಟ್ಟಿದಾಗಿಂದ ನೋಡಿದೀಯ. ನಿಂಗೂ ನಾನು ಕೊರತೆಯಾಗೇ ಕಾಣ್ತಿದ್ನಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಎರಡು ಸುಳ್ಳು ಆಗಲೇ ಹೇಳಿದ್ದೆ. ಮೂರನೆಯದು ಅವಳ ಮುಖ ನೋಡಿಕೊಂಡು ಬರಲಿಲ್ಲ.